ಬೀಳುವುದೂ ಒಂದು ವಿದ್ಯೆ

ಎಷ್ಟು ತಿಪ್ಪರಲಾಗ ಹಾಕಿದರೂ ಕೆಲಸ ಆಗಲಿಲ್ಲ ಎನ್ನುವ ಮಾತು ಕನ್ನಡಿಗರ ಬಾಯಲ್ಲಿ ಇಂದಿಗೂ ಓಡಾಡುತ್ತಿದೆ. ಆದರೆ ನಿಜವಾದ ಲಾಗ ಹಾಕಬೇಕಾದ ವಯಸ್ಸಿನ ಮಕ್ಕಳಿಗೆ ಅದನ್ನು ಹಾಕಲು ಜಾಗವಿಲ್ಲ, ಹೇಳಿಕೊಡುವವರಿಲ್ಲ, ತಾವೇ ಹಾಕಹೊರಟರೆ ಬಿಡುವವರೂ ಇಲ್ಲ. ಹಿತ್ತಲಿನ ಮಣ್ಣು, ಕಣದ ಹುಲ್ಲು, ಹೊಳೆದಂಡೆಯ ಮರಳು ಇದ್ದ ಎಷ್ಟೋ ಕಡೆ ಈಗ ಗ್ರಾನೈಟ್ ನೆಲ, ಕಾಂಕ್ರೀಟ್ ಅಂಗಳ ಬಂದಿವೆ. ಅಂಥ ನೆಲದ ಮೇಲೆ ಮಗು ಸೋಫಾದಿಂದ ಜಿಗಿಯಲು ಹೊರಟರೆ ‘ಬೀಳ್ತೀಯಾ, ಸುಮ್ನೆ ಕೂತ್ಕೋ’ ಎಂದು ಕೂಗುವ ತಾಯಿತಂದೆಯರನ್ನು ತಪ್ಪು ಎನ್ನಲಾಗದು. ಅವರ ಭಯ ನ್ಯಾಯವಾದದ್ದು. ಆದರೆ ಆ ಭಯಕ್ಕೆ ಅವರು ಕಂಡುಕೊಂಡ ಪರಿಹಾರ ಮಾತ್ರ ಸರಿಯಲ್ಲ. ಮಗು ಬೀಳದಂತೆ ನೋಡಿಕೊಳ್ಳುವುದೇ ಸುರಕ್ಷತೆ ಎಂದು ನಾವು ತಿಳಿದಿದ್ದೇವೆ. ಬಿದ್ದರೂ ಪೆಟ್ಟಾಗದಂತೆ ಬೀಳುವುದನ್ನು ಮಗುವಿನ ಮೈಗೆ ಕಲಿಸುವುದು ಅದಕ್ಕಿಂತ ದೊಡ್ಡ ಸುರಕ್ಷತೆ. ಉರುಳುವುದು, ಜಿಗಿದು ಇಳಿಯುವುದು, ಕೈಮೇಲೆ ಭಾರ ಹಾಕುವುದು, ಲಾಗ ಹಾಕುವುದು ಇವೆಲ್ಲ ಆ ಕಲಿಕೆಯ ಪಾಠಗಳು. ಕ್ರಮವರಿತು ಹೇಳಿಕೊಟ್ಟರೆ ಇವು ಅಪಾಯವನ್ನು ಕಡಿಮೆ ಮಾಡುತ್ತವೆ, ಹೆಚ್ಚಿಸುವುದಿಲ್ಲ.

ಬೀಳುವುದು ಮಗುವಿನ ಬಾಳಿನಲ್ಲಿ ಎಂದೋ ಒಮ್ಮೆ ಆಗುವ ಅವಘಡವಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ಯಾರನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳು ತಮ್ಮಷ್ಟಕ್ಕೆ ಆಡುವುದನ್ನು ಚಿತ್ರೀಕರಿಸಿ, ಹೆಜ್ಜೆಗಳನ್ನೂ ಬೀಳುವಿಕೆಗಳನ್ನೂ ಒಂದೊಂದಾಗಿ ಎಣಿಸಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ನಡೆಯಲು ಕಲಿಯುತ್ತಿರುವ ಮಗು ಸರಾಸರಿ ಒಂದು ಗಂಟೆಯಲ್ಲಿ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ. ಅಷ್ಟು ಸಲ ಬಿದ್ದರೂ ಹೆಚ್ಚಿನ ಸಲ ಎದ್ದು ಆಟ ಮುಂದುವರಿಸುತ್ತದೆ. ಅದು ಗಿಡ್ಡ, ಹಗುರ, ನಿಧಾನ. ಕುಂಡಿಯೂರಿ ಕೂತುಬಿಟ್ಟರೆ ನೆಲ ಹತ್ತಿರದಲ್ಲೇ ಇರುತ್ತದೆ. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ತೊಂದರೆ ಶುರುವಾಗುವುದು ಮುಂದೆ. ನಾಲ್ಕೈದು ವರ್ಷಕ್ಕೆ ಬರುವಷ್ಟರಲ್ಲಿ ಮಗುವಿನ ಎತ್ತರ, ತೂಕ, ಓಟದ ವೇಗ ಎಲ್ಲವೂ ಹೆಚ್ಚಿರುತ್ತವೆ. ಬೀಳುವ ಎತ್ತರ ಬೆಳೆದಿರುತ್ತದೆ, ಬೀಳುವ ಜಾಣ್ಮೆ ಮಾತ್ರ ಕೂಸಾಗಿದ್ದಾಗ ಇದ್ದಷ್ಟೇ ಉಳಿದಿರುತ್ತದೆ. ನಾವು ಗಮನ ಕೊಡಬೇಕಾದದ್ದು ಈ ಅಂತರಕ್ಕೆ.

ಬೀಳುವಾಗ ಮೈ ಏನು ಮಾಡುತ್ತದೆ ಎಂಬುದನ್ನು ಗಮನಿಸಿದರೆ ಕಲಿಸಬೇಕಾದದ್ದು ಏನೆಂಬುದೂ ತಿಳಿಯುತ್ತದೆ. ಆರರಿಂದ ಒಂಬತ್ತು ತಿಂಗಳ ನಡುವೆ ಕೂಸಿಗೆ ಒಂದು ಸಹಜ ಪ್ರತಿಕ್ರಿಯೆ ಹುಟ್ಟುತ್ತದೆ: ಮುಂದಕ್ಕೆ ಮುಗ್ಗರಿಸಿದೊಡನೆ ಎರಡೂ ಕೈ ತಾನಾಗಿ ಮುಂದೆ ಚಾಚುತ್ತವೆ. ಬಾಳಿಡೀ ಉಳಿಯುವ ಈ ಪ್ರತಿಕ್ರಿಯೆ ಮುಖವನ್ನೂ ತಲೆಯನ್ನೂ ಕಾಪಾಡುತ್ತದೆ. ಆದರೆ ಚಾಚಿದ ಕೈ ಕೋಲಿನಂತೆ ಸೆಟೆದಿದ್ದರೆ ಬಿದ್ದ ಭಾರವೆಲ್ಲ ಮಣಿಕಟ್ಟಿನಿಂದ ಮೊಣಕೈಗೆ ಏರಿ ಅಲ್ಲಿನ ಮೂಳೆಯನ್ನು ಮುರಿಯಬಲ್ಲದು. ಮೊಣಕೈಗೆ ತುಸು ಮೇಲೆ, ತೋಳಿನ ಮೂಳೆಯ ತುದಿಯಲ್ಲಾಗುವ ಈ ಮುರಿತ ಐದರಿಂದ ಏಳು ವರ್ಷದ ಮಕ್ಕಳಲ್ಲಿ ಬಹಳ ಸಾಮಾನ್ಯ ಎಂಬುದು ಮೂಳೆ ವೈದ್ಯರೆಲ್ಲ ಬಲ್ಲ ಸಂಗತಿ. ಪ್ರಕೃತಿ ಕೈ ಚಾಚುವುದನ್ನು ಕಲಿಸಿ ಕಳಿಸಿದೆ. ಚಾಚಿದ ಕೈಯನ್ನು ಮಡಿಸಿ, ಭಾರವನ್ನು ಭುಜಕ್ಕೆ, ಬೆನ್ನಿಗೆ ಹಂಚಿ ಉರುಳಿಬಿಡುವುದನ್ನು ನಾವು ಕಲಿಸಬೇಕು. ಇದರ ಹಿಂದಿನ ಭೌತಶಾಸ್ತ್ರ ಸರಳ. ಕ್ಯಾಚ್ ಹಿಡಿಯುವವನು ಕೈಯನ್ನು ಚೆಂಡಿನ ಜೊತೆ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಚೆಂಡು ನಿಲ್ಲಲು ಹೆಚ್ಚು ಹೊತ್ತು ಸಿಕ್ಕಿದಷ್ಟೂ ಅಂಗೈಗೆ ಪೆಟ್ಟು ಕಡಿಮೆ. ಮೈ ನೆಲಕ್ಕೆ ಬಂದಾಗಲೂ ಹಾಗೆಯೇ. ಒಂದೇ ಬಿಂದುವಿನಲ್ಲಿ ಒಂದೇ ಕ್ಷಣಕ್ಕೆ ನಿಂತರೆ ಏಟು, ಅಗಲವಾಗಿ ಹರಡಿ ಉರುಳಿ ನಿಂತರೆ ಆಟ.

ಬೀಳುವುದನ್ನು ಮೊದಲ ಪಾಠವಾಗಿ ಇಟ್ಟುಕೊಂಡ ವಿದ್ಯೆಗಳು ಜಗತ್ತಿನಲ್ಲಿವೆ. ಜಪಾನಿನ ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಶಾಲೆ ತೆರೆದು ಜೂಡೊ ಕಲಿಸತೊಡಗಿದರು. ಎದುರಾಳಿಯನ್ನು ಎತ್ತಿ ಒಗೆಯುವ ಆ ವಿದ್ಯೆಯಲ್ಲಿ ಶಿಷ್ಯರಿಗೆ ಮೊದಲು ಹೇಳಿಕೊಡುವುದು ‘ಉಕೆಮಿ’, ಅಂದರೆ ತಾನು ಬೀಳುವ ಬಗೆ. ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ಗುಂಡಗೆ ಮಾಡಿ ಉರುಳುವ ಅಭ್ಯಾಸ ಕೂಡುವವರೆಗೆ ಒಗೆಯುವ ಪಟ್ಟುಗಳು ಬರುವುದಿಲ್ಲ. ನಮ್ಮ ಗರಡಿಮನೆಗಳಲ್ಲೂ ಇದೇ ವಿವೇಕ ಬೇರೆ ರೂಪದಲ್ಲಿದೆ. ಅಲ್ಲಿ ಕುಸ್ತಿಗೆ ಮೊದಲು ಮಟ್ಟಿಯನ್ನು ಅಗೆದು, ಹದಗೊಳಿಸಿ ಮೃದು ಮಾಡುತ್ತಾರೆ. ಬೀಳುವುದು ಖಚಿತ, ಆದ್ದರಿಂದ ಬೀಳುವ ನೆಲವನ್ನು ಮೊದಲೇ ಸಿದ್ಧ ಮಾಡಿಕೋ ಎಂಬುದು ಅದರ ಅರ್ಥ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ದಿಗಿಣ ಹೊಡೆಯುವ ಕಲಾವಿದ ಮೊದಲು ಹೆಜ್ಜೆ ಕಲಿತು, ಕಾಲು ಗಟ್ಟಿಮಾಡಿಕೊಂಡು, ಆಮೇಲಷ್ಟೇ ಗಾಳಿಗೆ ಏರುತ್ತಾನೆ. ಬೀಳುವ ಬಗೆ, ಬೀಳುವ ನೆಲ, ಏರುವ ಕ್ರಮ ಈ ಮೂರೂ ಕೂಡಿದಾಗ ಸಾಹಸ ಸುರಕ್ಷಿತವಾಗುತ್ತದೆ. ಅಂಗನವಾಡಿಯ ಕೂಸಿಗೂ ಈ ಮಾತೇ ಅನ್ವಯ.

ಲಾಗ ಹಾಕುವಾಗ ಮಗು ಮೈಯನ್ನಷ್ಟೇ ಬಳಸುವುದಿಲ್ಲ, ಎರಡು ಗುಪ್ತ ಇಂದ್ರಿಯಗಳನ್ನೂ ಪಳಗಿಸಿಕೊಳ್ಳುತ್ತದೆ. ಒಂದು ಒಳಕಿವಿಯಲ್ಲಿದೆ. ಅಲ್ಲಿ ಒಂದಕ್ಕೊಂದು ಲಂಬವಾಗಿ ನಿಂತ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದಾಗ ಒಳಗಿನ ದ್ರವ ತುಸು ಹಿಂದೆ ಬಿದ್ದು, ಕೂದಲಿನಂಥ ಸೂಕ್ಷ್ಮ ತಂತುಗಳನ್ನು ಬಾಗಿಸಿ, ತಲೆ ಯಾವ ಕಡೆಗೆ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಮಿದುಳಿಗೆ ಹೇಳುತ್ತದೆ. ಗಿರಗಿರನೆ ಸುತ್ತಿ ನಿಂತ ಮೇಲೂ ಲೋಕ ಸುತ್ತುವಂತೆ ಕಾಣುವುದು ಆ ದ್ರವ ತಕ್ಷಣ ನಿಲ್ಲದಿರುವುದರಿಂದ. ಇನ್ನೊಂದು ಇಂದ್ರಿಯ ಸ್ನಾಯು, ಸ್ನಾಯುರಜ್ಜು, ಕೀಲುಗಳಲ್ಲಿ ಹರಡಿಕೊಂಡಿದೆ. ಕಣ್ಣು ಮುಚ್ಚಿದರೂ ಕೈ ಎಲ್ಲಿದೆ, ಮಂಡಿ ಎಷ್ಟು ಬಗ್ಗಿದೆ ಎಂದು ತಿಳಿಯುವುದು ಅದರಿಂದ. ತಲೆಕೆಳಗಾದಾಗ ನೆಲ ಯಾವುದು, ಆಕಾಶ ಯಾವುದು, ತನ್ನ ಕಾಲು ಎಲ್ಲಿ ಎಂಬುದನ್ನು ಮಗು ಈ ಎರಡರಿಂದಲೇ ಅರಿಯಬೇಕು. ಎಡವಿದ ಅರೆಕ್ಷಣದಲ್ಲಿ ಯೋಚಿಸಲು ಸಮಯವಿರುವುದಿಲ್ಲ. ಆಗ ಕೆಲಸಕ್ಕೆ ಬರುವುದು ಆಟದಲ್ಲಿ ಪಳಗಿದ ಈ ಅರಿವು ಮಾತ್ರ. ಲಾಗ ಹಾಕಿದರೆ ಗಣಿತ ಬರುತ್ತದೆ, ಮಿದುಳು ಚುರುಕಾಗಿ ಅಂಕ ಹೆಚ್ಚುತ್ತದೆ ಎಂಬ ಜಾಹೀರಾತಿನ ಮಾತುಗಳನ್ನು ನಂಬುವ ಅಗತ್ಯವಿಲ್ಲ. ತನ್ನ ಮೈ ತನ್ನ ಹಿಡಿತದಲ್ಲಿದೆ ಎಂಬ ಧೈರ್ಯ ಮಗುವಿಗೆ ಬಂದರೆ ಅದೇ ಸಾಕಷ್ಟು ದೊಡ್ಡ ಲಾಭ.

ಮಕ್ಕಳು ಆಡುತ್ತಾ ಆಡುತ್ತಾ ತಾವೇ ಕಲಿಯುತ್ತಾರೆ, ಇದನ್ನೆಲ್ಲ ಹೇಳಿಕೊಡುವುದೇಕೆ ಎಂದು ಕೇಳುವವರಿದ್ದಾರೆ. ಮರಕೋತಿ, ಕುಂಟೆಬಿಲ್ಲೆ, ಕೆರೆ-ದಡ ಆಡಿ ಬೆಳೆದ ಕಾಲಕ್ಕೆ ಆ ಮಾತು ಬಹುಮಟ್ಟಿಗೆ ನಿಜವಾಗಿತ್ತು. ಆಗಲೂ ಗುರುವಿಲ್ಲದ ಕಲಿಕೆ ಅದಾಗಿರಲಿಲ್ಲ. ಕೇರಿಯ ದೊಡ್ಡ ಮಕ್ಕಳು ಸಣ್ಣವರಿಗೆ ಜಿಗಿಯುವುದನ್ನು, ಕೊಂಬೆ ಹಿಡಿದು ಜೋತಾಡುವುದನ್ನು ತೋರಿಸಿಕೊಡುತ್ತಿದ್ದರು. ಇಂದು ಆ ಕೇರಿಯ ಗುಂಪು ಒಡೆದಿದೆ. ಶಾಲಾಪೂರ್ವ ಮಕ್ಕಳ ಚಲನಾ ಕೌಶಲಗಳ ಮೇಲೆ ನಡೆದ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಕಂಡದ್ದೂ ಇದನ್ನೇ: ಕ್ರಮವಾಗಿ ಹೇಳಿಕೊಟ್ಟ ಮಕ್ಕಳ ಓಟ, ಜಿಗಿತ, ಸಮತೋಲ ಸ್ಪಷ್ಟವಾಗಿ ಸುಧಾರಿಸುತ್ತದೆ, ಬರಿದೆ ಆಟಕ್ಕೆ ಬಿಟ್ಟ ಮಕ್ಕಳಲ್ಲಿ ಅಷ್ಟು ಸುಧಾರಣೆ ಕಾಣುವುದಿಲ್ಲ. ವಯಸ್ಸಾದಂತೆ ಎತ್ತರ ತಾನಾಗಿ ಬರುತ್ತದೆ, ಕೌಶಲ ತಾನಾಗಿ ಬರುವುದಿಲ್ಲ. ಮೈ ಮಾತು ಕೇಳದ ಮಗು ಆಟದಿಂದ ಹಿಂದೆ ಸರಿಯುತ್ತದೆ, ಹಿಂದೆ ಸರಿದಷ್ಟೂ ಅಭ್ಯಾಸ ತಪ್ಪುತ್ತದೆ, ಅಭ್ಯಾಸ ತಪ್ಪಿದಷ್ಟೂ ಮೈ ಮಾತು ಕೇಳುವುದಿಲ್ಲ. ಈ ಸುಳಿಯಿಂದ ಮಗುವನ್ನು ಎಳೆಯುವುದು ಐದಾರು ವರ್ಷದೊಳಗೆ ಸುಲಭ, ಆಮೇಲೆ ಕಷ್ಟ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನೆಲದಿಂದ. ಮೊದಲ ಪಾಠ ಉರುಳುವುದು. ದೇವಸ್ಥಾನದ ಪ್ರಾಂಗಣದಲ್ಲಿ ಉರುಳುಸೇವೆ ಮಾಡುವವರನ್ನು ನೋಡಿದ ಮಗುವಿಗೆ ಇದನ್ನು ವಿವರಿಸಬೇಕಿಲ್ಲ: ಕೈಗಳನ್ನು ತಲೆಯ ಮೇಲಕ್ಕೆ ಚಾಚಿ, ಮೈಯನ್ನು ಮರದ ದಿಮ್ಮಿಯಂತೆ ನೀಳ ಮಾಡಿ, ಪಕ್ಕಕ್ಕೆ ಉರುಳುವುದು. ಮೂರು ವರ್ಷದ ಮಗುವೂ ಮಾಡಬಲ್ಲ ಇದರಲ್ಲಿ ಕತ್ತಿನ ಮೇಲೆ ಭಾರವೇ ಬೀಳುವುದಿಲ್ಲ. ಎರಡನೆಯದು ಕೈಗಳಿಗೆ ಭಾರ ಹೊರಿಸುವುದು. ಅಂಗೈ, ಅಂಗಾಲು ಊರಿ, ಸೊಂಟ ಮೇಲೆತ್ತಿ ಕರಡಿಯಂತೆ ನಡೆಯುವುದು; ಹೊಟ್ಟೆ ಮೇಲಾಗಿ ಏಡಿಯಂತೆ ಅಡ್ಡಡ್ಡ ಹೋಗುವುದು; ಎರಡೂ ಕೈ ಮುಂದಿಟ್ಟು ಕಾಲುಗಳನ್ನು ಒಟ್ಟಿಗೆ ಎಳೆದುಕೊಂಡು ಮೊಲದಂತೆ ಕುಪ್ಪಳಿಸುವುದು. ಪ್ರಾಣಿಗಳ ಹೆಸರು ಹೇಳಿದರೆ ಮಕ್ಕಳಿಗೆ ಅದು ವ್ಯಾಯಾಮ ಎನಿಸುವುದೇ ಇಲ್ಲ, ಆದರೆ ಭುಜ, ಮಣಿಕಟ್ಟು, ಹೊಟ್ಟೆಯ ಸ್ನಾಯುಗಳು ಗಟ್ಟಿಯಾಗುತ್ತವೆ. ಮೂರನೆಯದು ಬೆನ್ನಿನ ಮೇಲೆ ತೊಟ್ಟಿಲಾಡುವುದು. ಕುಳಿತು ಮಂಡಿಗಳನ್ನು ಎದೆಗೆ ಅಪ್ಪಿಕೊಂಡು, ಗದ್ದವನ್ನು ಎದೆಗೆ ಒತ್ತಿ, ಹಿಂದಕ್ಕೂ ಮುಂದಕ್ಕೂ ತೂಗುವುದು. ಗದ್ದಕ್ಕೂ ಎದೆಗೂ ನಡುವೆ ಮಡಿಸಿದ ಕರವಸ್ತ್ರವೊಂದನ್ನು ಇಟ್ಟು ‘ಇದು ಬೀಳಬಾರದು’ ಎಂದರೆ ಸಾಕು. ಕತ್ತನ್ನು ಕಾಪಾಡಿಕೊಳ್ಳುವ ಪಾಠವನ್ನು ಮಗು ಆ ಬಟ್ಟೆಯಿಂದಲೇ ಕಲಿಯುತ್ತದೆ.

ನಾಲ್ಕನೆಯದು ಇಳಿಯುವುದು. ಜಿಗಿಯಲು ಎಲ್ಲ ಮಕ್ಕಳಿಗೂ ಆಸೆ, ಇಳಿಯುವ ಬಗೆ ಮಾತ್ರ ಬಹಳ ಮಕ್ಕಳಿಗೆ ತಿಳಿಯದು. ಮೊದಲು ನೆಲದಲ್ಲೇ ಕಪ್ಪೆಯಂತೆ ಜಿಗಿದು ನಿಲ್ಲಬೇಕು, ಆಮೇಲೆ ಒಂದು ಮೆಟ್ಟಿಲಿನಷ್ಟು ಎತ್ತರದಿಂದ, ಅದು ಚೆನ್ನಾಗಿ ಬಂದ ಮೇಲೆ ಮಗುವಿನ ಮಂಡಿಯಷ್ಟು ಎತ್ತರದಿಂದ. ಪಾದಗಳು ಸೊಂಟದಗಲ ದೂರವಿದ್ದು, ಎರಡೂ ಒಟ್ಟಿಗೆ ನೆಲ ಮುಟ್ಟಬೇಕು, ಮಂಡಿ, ಸೊಂಟ ಬಗ್ಗಬೇಕು, ಕೈಗಳು ಮುಂದಿರಬೇಕು. ‘ಬೆಕ್ಕಿನ ಹಾಗೆ ಸದ್ದಾಗದಂತೆ ಇಳಿ’ ಎಂಬ ಒಂದೇ ಮಾತಿನಲ್ಲಿ ಇದೆಲ್ಲ ಅಡಗಿದೆ, ಏಕೆಂದರೆ ಕೀಲು ಬಗ್ಗಿಸದೆ ಸದ್ದಿಲ್ಲದೆ ಇಳಿಯಲು ಸಾಧ್ಯವೇ ಇಲ್ಲ. ಇಳಿದ ಮೇಲೆ ಮೂರು ಎಣಿಸುವವರೆಗೆ ಕದಲದೆ ನಿಲ್ಲಬೇಕೆಂಬ ಕಟ್ಟಳೆ ಇಟ್ಟರೆ ಆಟವೂ ಆಯಿತು, ಸಮತೋಲದ ಪರೀಕ್ಷೆಯೂ ಆಯಿತು.

ಈ ನಾಲ್ಕೂ ಕೈವಶವಾದ ಮೇಲೆ ಲಾಗ. ಇದಕ್ಕೆ ವಯಸ್ಸಿನ ಲೆಕ್ಕಕ್ಕಿಂತ ಸಿದ್ಧತೆಯ ಲೆಕ್ಕ ಮುಖ್ಯ: ಮಗು ಕರಡಿಯಂತೆ ಹತ್ತು ಹೆಜ್ಜೆ ಕೈ ಕುಸಿಯದೆ ನಡೆಯಬೇಕು, ಗದ್ದ ಬಿಡದೆ ತೊಟ್ಟಿಲಾಡಬೇಕು, ಹೇಳಿದ ಮಾತನ್ನು ಕೇಳಿ ನಿಲ್ಲುವಷ್ಟು ಗಮನ ಇರಬೇಕು. ಇಲ್ಲಿ ಎಚ್ಚರಕ್ಕೆ ಕಾರಣವೂ ಇದೆ. ಹುಟ್ಟಿದ ಕೂಸಿನ ತಲೆ ಅದರ ಉದ್ದದ ಕಾಲುಭಾಗ ಇರುತ್ತದೆ, ದೊಡ್ಡವರಲ್ಲಿ ಎಂಟನೆಯ ಒಂದು ಭಾಗ ಮಾತ್ರ. ಸಣ್ಣ ಮಕ್ಕಳ ತಲೆ ಮೈಗೆ ಹೋಲಿಸಿದರೆ ಭಾರ, ಕತ್ತು ಎಳೆಯದು. ಆದ್ದರಿಂದ ಲಾಗ ಹಾಕುವಾಗ ನೆತ್ತಿಯ ಮೇಲೆ ಮೈಭಾರ ಬೀಳಕೂಡದು ಎಂಬುದೇ ಮೊದಲ ನಿಯಮ, ಕೊನೆಯ ನಿಯಮವೂ ಅದೇ. ತುಸು ಇಳಿಜಾರಿನಲ್ಲಿ ಶುರು ಮಾಡಿದರೆ ಸುಲಭ. ಹಾಸಿನ ಒಂದು ತುದಿಯ ಕೆಳಗೆ ಗಟ್ಟಿ ದಿಂಬು ಸೇರಿಸಿದರೆ ಇಳಿಜಾರು ಸಿದ್ಧ. ಮಗು ಕುಕ್ಕರಗಾಲಿನಲ್ಲಿ ಕುಳಿತು, ಎರಡೂ ಅಂಗೈಗಳನ್ನು ಭುಜದಗಲಕ್ಕೆ ಮುಂದಿಡಬೇಕು. ಗದ್ದ ಎದೆಗೆ ಒತ್ತಿ ತನ್ನ ಹೊಟ್ಟೆಯನ್ನೇ ನೋಡಬೇಕು. ಸೊಂಟ ಎತ್ತಿ, ಭಾರವನ್ನು ಕೈಗಳ ಮೇಲೆ ತಂದು, ಭುಜಗಳ ಹಿಂಬದಿಯನ್ನು ನೆಲಕ್ಕೆ ತಾಗಿಸಿ, ಬೆನ್ನು ಗುಂಡಗೆ ಉರುಳಿ, ಪಾದದ ಮೇಲೆ ಕೂರಬೇಕು. ಕಲಿಸುವವರು ಪಕ್ಕದಲ್ಲಿ ಮಂಡಿಯೂರಿ, ಒಂದು ಕೈಯನ್ನು ತೊಡೆಯ ಹಿಂದೆಯೂ ಇನ್ನೊಂದನ್ನು ಭುಜದ ಹಿಂದೆಯೂ ಇಟ್ಟು ಸೊಂಟದ ಭಾರವನ್ನು ಹಗುರ ಮಾಡಬೇಕು. ಕತ್ತನ್ನು ಹಿಡಿದು ತಿರುಗಿಸುವುದು, ತಲೆಯನ್ನು ಒತ್ತುವುದು, ಹೆದರಿದ ಮಗುವನ್ನು ಹಿಂದಿನಿಂದ ತಳ್ಳುವುದು ಎಂದಿಗೂ ಕೂಡದು. ಮಗು ಅರ್ಧದಲ್ಲಿ ‘ಬೇಡ’ ಎಂದರೆ ಅಲ್ಲಿಗೇ ನಿಲ್ಲಿಸಬೇಕು. ಮೂರ್ನಾಲ್ಕು ಲಾಗಕ್ಕೆ ಒಮ್ಮೆ ಬಿಡುವು ಕೊಟ್ಟರೆ ಒಳಕಿವಿಯ ದ್ರವಕ್ಕೂ ನೆಮ್ಮದಿ, ತಲೆಸುತ್ತಿ ಬೀಳುವ ಭಯವೂ ಇಲ್ಲ.

ನೆಲದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮೆತ್ತಗಿದ್ದಷ್ಟೂ ಒಳ್ಳೆಯದು ಎಂದು ದಪ್ಪ ಫೋಮ್ ಹಾಸಿಗೆಯ ಮೇಲೆ ಮಕ್ಕಳನ್ನು ಬಿಡುವವರಿದ್ದಾರೆ. ಕೈ ಊರಿದರೆ ಕುಸಿಯುವ, ತಲೆ ಹೂತುಹೋಗುವ ಹಾಸಿಗೆಯಲ್ಲಿ ಕತ್ತು ಸಿಕ್ಕಿಕೊಂಡು ಮೈ ಮಾತ್ರ ತಿರುಗಬಹುದು. ಮಂಚದ ಮೇಲಾದರೆ ಅಂಚಿನಿಂದ ಬೀಳುವ ಅಪಾಯವೂ ಸೇರುತ್ತದೆ. ನೆಲದ ಮೇಲೆ ಹರಡಿದ ತೆಳುವಾದ ಹತ್ತಿ ಹಾಸಿಗೆ, ಅದರ ಮೇಲೆ ಬಿಗಿಯಾಗಿ ಹಾಸಿದ ಜಮಖಾನೆ ಇದಕ್ಕಿಂತ ಮೇಲು. ಹೊರಗಾದರೆ ಕಲ್ಲು, ಮುಳ್ಳು ಆರಿಸಿ ತೆಗೆದ ಹುಲ್ಲು ಅಥವಾ ಮರಳು. ಗೋಡೆ, ಟೀಪಾಯಿ, ಬಾಗಿಲ ಹೊಸ್ತಿಲು ದೂರವಿರಬೇಕು. ನುಣುಪಾದ ನೆಲದಲ್ಲಿ ಕಾಲುಚೀಲ ಹಾಕಿ ಜಿಗಿಸಬಾರದು, ಬರಿಗಾಲೇ ಸರಿ. ಕೊರಳ ಸರ, ಬಳೆ, ಜೋತಾಡುವ ಓಲೆ, ಉದ್ದ ಲಂಗ ಇವನ್ನು ತೆಗೆದು ಚಡ್ಡಿ, ಅಂಗಿ ಹಾಕಬೇಕು. ಬಾಯಲ್ಲಿ ಚಾಕೊಲೇಟ್, ಚ್ಯೂಯಿಂಗ್ ಗಮ್ ಇರಕೂಡದು. ಊಟವಾದ ಕೂಡಲೇ ಆಡಿಸಬಾರದು. ಹಾಸಿನ ಮೇಲೆ ಒಂದು ಸಲಕ್ಕೆ ಒಂದೇ ಮಗು. ದೊಡ್ಡವರ ಕಣ್ಣು ಮಗುವಿನ ಮೇಲಿರಬೇಕು, ಮೊಬೈಲಿನ ಮೇಲಲ್ಲ. ಚಂದದ ವಿಡಿಯೋ ತೆಗೆಯಲೆಂದು ‘ಇನ್ನೊಮ್ಮೆ ಮಾಡು’ ಎಂದು ದಣಿದ ಮಗುವನ್ನು ಒತ್ತಾಯಿಸುವುದಂತೂ ಬೇಡವೇ ಬೇಡ.

ಮಾಡಬಾರದ್ದೂ ಕೆಲವಿವೆ. ತಲೆಯ ಮೇಲೆ ನಿಲ್ಲುವುದು, ಹಿಂದಕ್ಕೆ ಲಾಗ ಹಾಕುವುದು, ಗಾಳಿಯಲ್ಲಿ ಪಲ್ಟಿ ಹೊಡೆಯುವುದು ಮನೆಯ ಪಾಠಗಳಲ್ಲ. ತರಬೇತಿ ಪಡೆದವರ ನೆರವು, ಸರಿಯಾದ ಸಲಕರಣೆ ಇಲ್ಲದೆ ಅವನ್ನು ಮುಟ್ಟಬಾರದು. ಮಹಡಿಯ ಮೇಲೆ, ಹುಟ್ಟುಹಬ್ಬದ ಕೂಟಗಳಲ್ಲಿ ಈಗ ಕಾಣುವ ಟ್ರ್ಯಾಂಪೊಲಿನ್ ನೋಡಲು ಮೆತ್ತಗಿದ್ದರೂ ಮೋಸದ ನೆಲ. ಮನೆಯಲ್ಲಿ ಅದನ್ನು ಆಟಕ್ಕೆ ಬಳಸುವುದನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಖಚಿತವಾಗಿ ಬೇಡವೆಂದಿದೆ. 2012ರ ಅದರ ಹೇಳಿಕೆಯ ಪ್ರಕಾರ ಸುಮಾರು ಮುಕ್ಕಾಲು ಪಾಲು ಗಾಯಗಳಾಗುವುದು ಒಟ್ಟಿಗೆ ಹಲವರು ಜಿಗಿಯುವಾಗ, ಅದರಲ್ಲೂ ಹೆಚ್ಚು ಪೆಟ್ಟು ತಿನ್ನುವವರು ಎಲ್ಲರಿಗಿಂತ ಚಿಕ್ಕವರು. ಅದರ ಮೇಲೆ ಲಾಗ ಹಾಕಹೋದವರಿಗೆ ಕತ್ತಿನ ತೀವ್ರ ಗಾಯಗಳಾಗಿವೆ. ಎಳೆಯ ಮಕ್ಕಳನ್ನು ಒಂದೇ ಕೈ ಹಿಡಿದು ಮೇಲೆತ್ತುವುದು, ಎರಡೂ ಕೈ ಹಿಡಿದು ಗಿರಗಿರ ತಿರುಗಿಸುವುದು ಪ್ರೀತಿಯ ಆಟವೇ ಆದರೂ ಮೊಣಕೈ ಕೀಲು ಜಾರಬಹುದು. ಒಂದರಿಂದ ನಾಲ್ಕು ವರ್ಷದವರಲ್ಲಿ ಇದು ಸಾಮಾನ್ಯ. ಎತ್ತಬೇಕೆಂದರೆ ಕಂಕುಳ ಕೆಳಗೆ ಕೈಕೊಟ್ಟು ಎತ್ತಿ, ಆಡಿಸಬೇಕೆಂದರೆ ಉಪ್ಪುಮೂಟೆ ಮಾಡಿ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಸಡಿಲವಾಗಿರುತ್ತದೆ. ಅವರಿಗೆ ವೈದ್ಯರನ್ನು ಕೇಳದೆ ಲಾಗ ಕಲಿಸಕೂಡದು. ಎಷ್ಟೇ ಎಚ್ಚರವಿದ್ದರೂ ತಲೆಗೆ ಪೆಟ್ಟು ಬಿದ್ದು, ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ಮಂಕಾದರೆ, ಎಚ್ಚರ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಿದ್ದ ಮಗು ಕತ್ತು ನೋವು ಎಂದರೆ, ಕೈಕಾಲು ಜೋಮು ಎಂದರೆ ಎತ್ತಿ ನಿಲ್ಲಿಸದೆ ಮಲಗಿದಂತೆಯೇ ಬಿಟ್ಟು 108ಕ್ಕೆ ಕರೆ ಮಾಡಬೇಕು.

ಇಷ್ಟೆಲ್ಲ ಎಚ್ಚರ ಬೇಕಾದ ಆಟವನ್ನು ಆಡಿಸುವುದೇ ಏಕೆ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಆಡಿಸದೆ ಬಿಟ್ಟರೂ ಮಗು ಆಡುತ್ತದೆ ಎಂಬುದು ಮೊದಲ ಉತ್ತರ. ಸೋಫಾ, ಕಿಟಕಿಯ ಕಂಬಿ, ಮೆಟ್ಟಿಲ ಕಟಾಂಜನ ಎಲ್ಲವೂ ಅದಕ್ಕೆ ಆಟದ ಸಾಮಾನು; ವ್ಯತ್ಯಾಸವೆಂದರೆ ಅಲ್ಲಿ ಹಾಸು ಇಲ್ಲ, ಕ್ರಮ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ. ಎರಡನೆಯ ಉತ್ತರ ಇನ್ನೂ ಮುಖ್ಯ. ಕೆನಡಾದ ಮಕ್ಕಳ ವೈದ್ಯರ ಸಂಘ 2024ರಲ್ಲಿ ಹೊರಾಂಗಣ ಆಟದ ಬಗ್ಗೆ ಹೇಳಿಕೆ ಹೊರಡಿಸಿ, ಸವಾಲನ್ನೂ ಅಪಾಯವನ್ನೂ ಬೇರೆ ಬೇರೆಯಾಗಿ ನೋಡಬೇಕೆಂದು ತಿಳಿಸಿತು. ಮಗು ತಾನೇ ಕಂಡು, ಅಳೆದು, ಮಾಡಲೋ ಬೇಡವೋ ಎಂದು ತೀರ್ಮಾನಿಸಬಲ್ಲದ್ದು ಸವಾಲು. ಮಗುವಿಗೆ ಕಾಣದೆ ಅಡಗಿರುವುದು, ತುಕ್ಕು ಹಿಡಿದ ಜಾರುಬಂಡೆ, ಹುಲ್ಲಿನಲ್ಲಿರುವ ಗಾಜಿನ ಚೂರಿನಂಥದು, ಅಪಾಯ. ಅಪಾಯವನ್ನು ತೆಗೆಯುವುದು ದೊಡ್ಡವರ ಹೊಣೆ. ಸವಾಲನ್ನೂ ಅದರ ಜೊತೆ ತೆಗೆದುಬಿಟ್ಟರೆ ಮಗು ಅಳೆಯುವುದನ್ನೇ ಕಲಿಯುವುದಿಲ್ಲ. ಮುಂದೆ ಸೈಕಲ್, ಬೈಕು, ಈಜುಕೊಳಗಳ ಮುಂದೆ ನಿಂತಾಗ ಅಳತೆ ಅರಿಯದ ಧೈರ್ಯ, ಅಳತೆ ಅರಿಯದ ಭಯ ಎರಡೂ ಕೆಡುಕೇ.

ಓದುವ ಹೊತ್ತಿನಲ್ಲಿ ಲಾಗವೇ ಎಂದು ಕೇಳುವವರಿಗೂ ಉತ್ತರವಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಮೂರು-ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಚಟುವಟಿಕೆಯಲ್ಲಿರಬೇಕು, ಅದರಲ್ಲಿ 60 ನಿಮಿಷ ಮೇಲುಸಿರು ಬರುವಷ್ಟು ಹುರುಪಿನದಾಗಿರಬೇಕು; ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳ ಕಲಿಕೆಯ ಗುರಿಗಳಲ್ಲಿ ದೃಢವಾದ, ಬಾಗಿ ಬಳುಕುವ ಮೈಯನ್ನೂ ಸೇರಿಸಿದೆ. ಹೀಗಿರುವಾಗ ಆಟ ಓದಿನ ನಡುವಿನ ಬಿಡುವಲ್ಲ, ಅದೂ ಪಠ್ಯವೇ. ಆದರೆ ವ್ಯವಸ್ಥೆ ಈ ಮಾತಿಗೆ ಇನ್ನೂ ಹೊಂದಿಕೊಂಡಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ, ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕೆಂದು ಹೇಳುವುದು ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ. ಮೈ ಕಲಿಯಲು ಅತಿ ಯೋಗ್ಯವಾದ ವಯಸ್ಸಿನ ಮಕ್ಕಳು ಈ ಲೆಕ್ಕದ ಹೊರಗೇ ಉಳಿಯುತ್ತಾರೆ.

ಅಂಗನವಾಡಿಯಲ್ಲಿ, ಹಳ್ಳಿಯ ಶಾಲೆಯಲ್ಲಿ ಜಿಮ್ನಾಸ್ಟಿಕ್ಸ್ ಹಾಸು ಎಲ್ಲಿಂದ ತರುವುದು, ತರಬೇತುದಾರರನ್ನು ಎಲ್ಲಿ ಹುಡುಕುವುದು ಎಂಬ ಆಕ್ಷೇಪ ಗಟ್ಟಿಯಾದದ್ದು. ಆದರೆ ಉರುಳುವುದಕ್ಕೆ, ಕರಡಿ ನಡಿಗೆಗೆ, ತೊಟ್ಟಿಲಾಟಕ್ಕೆ, ಬೆಕ್ಕಿನ ಇಳಿತಕ್ಕೆ ಬೇಕಾದದ್ದು ಎರಡು ಜಮಖಾನೆ ಮತ್ತು ಒಬ್ಬರ ಗಮನ. ಲಾಗವೊಂದನ್ನು ಬಿಟ್ಟರೂ ಉಳಿದ ನಾಲ್ಕರಿಂದಲೇ ಮುಕ್ಕಾಲು ಪ್ರಯೋಜನ ಸಿಕ್ಕಿಬಿಡುತ್ತದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಅದು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ 60 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಅಲ್ಲಿನ ಕಾರ್ಯಕರ್ತೆಯರಿಗೆ ಕೊಡುವ ತರಬೇತಿಯಲ್ಲಿ ಒಂದು ದಿನವನ್ನು ಈ ಕ್ರಮ ಕಲಿಸಲು ಮೀಸಲಿಟ್ಟರೆ, ಸಲಕರಣೆಗೆ ಹೆಚ್ಚು ಹಣ ಸುರಿಯದೆಯೇ ಅದು ಪ್ರತಿ ಹಳ್ಳಿಗೂ ತಲುಪುತ್ತದೆ.

ಹೆಣ್ಣುಮಕ್ಕಳಿಗೆ ಇದೆಲ್ಲ ಬೇಕೇ ಎನ್ನುವ ಮಾತು ಈಗ ಬಾಯಲ್ಲಿ ಕಡಿಮೆಯಾಗಿದ್ದರೂ ಅಂಗಳದಲ್ಲಿ ಉಳಿದಿದೆ. ನಾಲ್ಕು ವರ್ಷದ ಹುಡುಗ ಉರುಳಿದರೆ ಚುರುಕು, ಹುಡುಗಿ ಉರುಳಿದರೆ ಗಂಡುಬೀರಿ. ಬಿದ್ದಾಗ ಮೂಳೆ ಮುರಿಯುವುದರಲ್ಲಿ ಗಂಡುಹೆಣ್ಣಿನ ಭೇದವಿಲ್ಲ, ಹಾಗಾಗಿ ಬೀಳುವ ವಿದ್ಯೆಯಲ್ಲೂ ಇರಕೂಡದು. ತ್ರಿಪುರಾದ ದೀಪಾ ಕರ್ಮಾಕರ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ವಾಲ್ಟ್ ಸ್ಪರ್ಧೆಯಲ್ಲಿ ನಾಲ್ಕನೆಯ ಸ್ಥಾನ ಪಡೆದ ಮೇಲಾದರೂ ಈ ಮಾತು ನಿಲ್ಲಬೇಕಿತ್ತು. ಇದರ ಇನ್ನೊಂದು ತುದಿಯಲ್ಲಿ ಮಗುವನ್ನು ಪದಕಕ್ಕೆಂದೇ ಹುರಿಗೊಳಿಸುವ ಆತುರವಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಎಳೆಯ ಕಾಲುಗಳನ್ನು ಹಿಡಿದು ಬಲವಂತವಾಗಿ ಅಗಲಿಸುವವರು, ಅಳುವ ಮಗುವಿನ ಬೆನ್ನನ್ನು ಒತ್ತಿ ಬಗ್ಗಿಸುವವರು ಆ ಗಾದೆಯನ್ನು ತಪ್ಪಾಗಿ ಓದಿಕೊಂಡಿದ್ದಾರೆ. ಎಳೆಯ ಮೂಳೆಗಳ ತುದಿಯಲ್ಲಿ ಬೆಳೆಯುತ್ತಿರುವ ಮೃದ್ವಸ್ಥಿಯ ಪದರವಿರುತ್ತದೆ. ಅದಕ್ಕೆ ಪೆಟ್ಟಾದರೆ ಮೂಳೆಯ ಬೆಳವಣಿಗೆಯೇ ಕೆಡಬಹುದು. ಅಂತಾರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಷನ್ ಕೂಡ ಸ್ಪರ್ಧೆ ನಡೆಯುವ ವರ್ಷದಲ್ಲಿ 16 ತುಂಬದ ಹುಡುಗಿಯರನ್ನು ಒಲಿಂಪಿಕ್ಸ್‌ಗೆ ಬಿಡುವುದಿಲ್ಲ. ಐದರ ಮಗುವಿಗೆ ಯಾವ ಆತುರವೂ ಇಲ್ಲ. ಅದು ನಗುತ್ತಾ ಕಲಿಯುತ್ತಿದೆಯೇ, ನಾಳೆ ಮತ್ತೆ ಆಡೋಣ ಎನ್ನುತ್ತಿದೆಯೇ ಎಂಬುದೇ ಕಲಿಸುವವರಿಗೆ ಸಿಗುವ ಒಳ್ಳೆಯ ಅಂಕ.

ನಾವು ಮಕ್ಕಳಿಗೆ ತಿನ್ನುವುದನ್ನು ಕಲಿಸುತ್ತೇವೆ, ಮಾತಾಡುವುದನ್ನು, ಬರೆಯುವುದನ್ನು ಕಲಿಸುತ್ತೇವೆ. ಬಾಳಿಡೀ ನೂರಾರು ಸಲ ಮಾಡಬೇಕಾದ ಬೀಳುವ ಕೆಲಸವನ್ನು ಮಾತ್ರ ಕಲಿಸದೆ ಬಿಟ್ಟು, ಬೀಳಬೇಡ ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಆ ಮಾತನ್ನು ಪಾಲಿಸಲು ಯಾವ ಮಗುವಿಗೂ ಸಾಧ್ಯವಿಲ್ಲ. ಆದ್ದರಿಂದ ಮನೆಯಲ್ಲಿ ಚಿಕ್ಕ ಮಗುವಿದ್ದರೆ ಈ ಸಂಜೆ ಟೀಪಾಯಿಯನ್ನು ಪಕ್ಕಕ್ಕೆ ಸರಿಸಿ, ನೆಲಕ್ಕೊಂದು ಹಾಸು ಹರಡಿ, ಮಗುವಿನ ಪಕ್ಕದಲ್ಲಿ ಮಂಡಿಯೂರಿ ಕೂರಿ. ಲಾಗಕ್ಕೆ ಆತುರಪಡಬೇಡಿ, ಮೊದಲ ದಿನ ಬರಿದೆ ಉರುಳಿದರೆ ಸಾಕು.